ಹಿರಿಯ ಮಗ ಯಾಕೆ ಅರ್ಲ್ ಆಗಲಿಲ್ಲ: ಒಂದು ಹಸ್ತಪ್ರತಿಗೆ ಉತ್ತರ

ನಮಸ್ಕಾರ.

ಸ್ಕಾಟ್ಲೆಂಡಿನಲ್ಲಿ ಅರ್ಲ್ ಎಂಬ ಸಾಮಂತ ಪದವಿ ಹೊಂದಿದ್ದ ಹಂಟ್ಲಿಯ ಗಾರ್ಡನ್ ಮನೆತನದ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಜೊತೆಗಿದ್ದ ವಂಶವೃಕ್ಷದ ನಕ್ಷೆಯನ್ನೂ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ನೋಡಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಮಧ್ಯಯುಗದ ಕೊನೆಯ ಸ್ಕಾಟ್ಲೆಂಡಿನ ಒಂದು ಭೂಮಾಲೀಕ ಮನೆತನವನ್ನು ಕನ್ನಡದಲ್ಲಿ ಇಷ್ಟು ಶ್ರದ್ಧೆಯಿಂದ ಹಿಂಬಾಲಿಸಿದವರು ಅಪರೂಪ. ಹಾಗಾಗಿ ಎರಡು ಸಾಲಿನಲ್ಲಿ ‘ಕ್ಷಮಿಸಿ’ ಎಂದು ಬರೆದು ಮುಗಿಸಲು ಮನಸ್ಸು ಬರಲಿಲ್ಲ.

ನಿಮ್ಮ ಭಾಷೆ ಚೆನ್ನಾಗಿದೆ. ಸ್ಟ್ರಾತ್‌ಬೋಗಿಯ ಕೋಟೆ, ಮಂಜು, ಕಹಳೆ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ತೊಂದರೆ ಇರುವುದು ನಕ್ಷೆಯಲ್ಲಿ. ಅದರಲ್ಲಿ ಎಲ್ಲ ಗೆರೆಗಳೂ ಒಂದೇ ದಪ್ಪ. ರಾಜಮುದ್ರೆಯ ಸನ್ನದು ಸಿಕ್ಕಿರುವ ಸಂಬಂಧಕ್ಕೂ, ಇನ್ನೂರು ವರ್ಷದ ಮೇಲೆ ಯಾರೋ ನೆಂಟರು ಹೇಳಿದ ಸಂಬಂಧಕ್ಕೂ ನೀವು ಒಂದೇ ಶಾಯಿ ಬಳಸಿದ್ದೀರಿ. ಓದುಗರಿಗೆ ಯಾವುದನ್ನು ನಂಬಬೇಕು, ಯಾವುದನ್ನು ಕಾದು ನೋಡಬೇಕು ಎಂದು ತಿಳಿಯುವ ದಾರಿಯೇ ಇಲ್ಲ.

ನಿಮ್ಮ ಎರಡನೇ ಪುಟದ ವಾಕ್ಯವನ್ನೇ ತೆಗೆದುಕೊಳ್ಳಿ: ‘ಗಾರ್ಡನ್ ರಕ್ತ ತಂದೆಯಿಂದ ಮಗನಿಗೆ ಎಲ್ಲೂ ಕಡಿಯದೆ ಹರಿದು ಬಂತು.’ ಕಡಿದಿದೆ. 1402ರಲ್ಲಿ ಹೋಮಿಲ್ಡನ್ ಹಿಲ್ ಕಾಳಗದಲ್ಲಿ ಸರ್ ಆಡಮ್ ಗಾರ್ಡನ್ ಸತ್ತ. 1408ರ ಹೊತ್ತಿಗೆ ಆಸ್ತಿಗೆ ವಾರಸುದಾರಳಾಗಿ ಉಳಿದವಳು ಅವನ ಮಗಳು ಎಲಿಜಬೆತ್. ಆಗ ದೊರೆ ಒಂದನೇ ಜೇಮ್ಸ್ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ, ದೇಶ ಆಳುತ್ತಿದ್ದವನು ಆಲ್ಬನಿಯ ಡ್ಯೂಕ್. ಆ ವರ್ಷ ಅವನ ಸನ್ನದಿನ ಮೂಲಕ ಗಾರ್ಡನ್ ಜಮೀನು ಎಲಿಜಬೆತ್‌ಗೂ ಅವಳನ್ನು ಮದುವೆಯಾದ ಅಲೆಕ್ಸಾಂಡರ್ ಸೀಟನ್‌ಗೂ ಸೇರಿತು. ಅಲ್ಲಿಂದ ಮುಂದಿನ ಹಂಟ್ಲಿಯ ಅರ್ಲ್‌ಗಳೆಲ್ಲ ಗಂಡುಸಂತತಿಯ ಲೆಕ್ಕದಲ್ಲಿ ಸೀಟನ್‌ಗಳು. ಗಾರ್ಡನ್ ಎಂಬ ಹೆಸರು ಅವರಿಗೆ ಬಂದದ್ದು ಅಜ್ಜಿಯ ಕಡೆಯಿಂದ, ಜಮೀನಿನ ಜೊತೆಗೆ. ಆಡಮ್‌ನ ಸೋದರ ಜಾನ್‌ನ ಮಕ್ಕಳೆಂದು ಪರಂಪರೆ ಹೇಳುವ ಜಾಕ್ ಮತ್ತು ಟ್ಯಾಮ್ ಎಂಬಿಬ್ಬರ ಸಂತತಿಯವರು ‘ಗಂಡುಮೂಲದ ಗಾರ್ಡನ್‌ಗಳು ನಾವೇ’ ಎಂದುಕೊಂಡು ಬಂದರು. ಆದರೆ ಅವರ ತಂದೆತಾಯಿಯ ಮದುವೆ ಕ್ರಮಬದ್ಧವಾಗಿತ್ತೇ ಎಂಬುದೇ ವಿವಾದ. ನಿಮ್ಮ ನಕ್ಷೆಯಲ್ಲಿ ಈ ಇಬ್ಬರು ಇಲ್ಲವೇ ಇಲ್ಲ. ಇಡೀ ಉತ್ತರ ಸ್ಕಾಟ್ಲೆಂಡಿನ ಗಾರ್ಡನ್‌ಗಳಲ್ಲಿ ಎಷ್ಟೋ ಕವಲುಗಳು ತಮ್ಮ ಮೂಲವನ್ನು ಅಲ್ಲಿಗೆ ಒಯ್ಯುತ್ತವೆ. ಹೆಸರು ಒಂದೇ ಆದ ಮಾತ್ರಕ್ಕೆ ನೆತ್ತರು ಒಂದೇ ಎಂದು ಹಿಡಿಯಬೇಡಿ.

ಊರಿನ ಹೆಸರಲ್ಲೂ ಎಚ್ಚರ ಇರಲಿ. ಗಾರ್ಡನ್, ಹಂಟ್ಲಿ ಎರಡೂ ಮೂಲದಲ್ಲಿ ದಕ್ಷಿಣದ ಬೆರಿಕ್‌ಷೈರಿನ ಊರುಗಳು. ಉತ್ತರದ ಸ್ಟ್ರಾತ್‌ಬೋಗಿ ಸೀಮೆ ಈ ಮನೆತನಕ್ಕೆ ದೊರೆ ರಾಬರ್ಟ್ ಬ್ರೂಸ್‌ನ ಕಾಲದಲ್ಲಿ ಬಂತು. ಅಲ್ಲಿನ ಕೋಟೆಗೆ ಹಂಟ್ಲಿ ಎಂಬ ಹೆಸರು ಸನ್ನದಿನಿಂದ ಅಧಿಕೃತವಾದದ್ದು 1506ರಲ್ಲಿ. 15ನೇ ಶತಮಾನದ ಕಾಗದದಲ್ಲಿ ‘ಹಂಟ್ಲಿ’ ಕಂಡಲ್ಲೆಲ್ಲ ನೀವು ಆಬರ್ಡೀನ್‌ಷೈರಿನ ಕೋಟೆಯನ್ನು ಕಲ್ಪಿಸಿಕೊಂಡಿದ್ದೀರಿ. ಆ ಪ್ಯಾರಾಗಳನ್ನು ತಿದ್ದಿ.

ಈಗ ನಿಮ್ಮ ಲೇಖನದ ಅತ್ಯಂತ ಸ್ವಾರಸ್ಯದ ಜಾಗಕ್ಕೆ ಬರುತ್ತೇನೆ. ಅಲ್ಲಿಯೇ ನೀವು ಓಡಿಬಿಟ್ಟಿದ್ದೀರಿ. ಎಲಿಜಬೆತ್ ಗಾರ್ಡನ್‌ಳ ಮಗ ಅಲೆಕ್ಸಾಂಡರ್ 1445ರಲ್ಲಿ ಹಂಟ್ಲಿಯ ಮೊದಲ ಅರ್ಲ್ ಆದ. ಅವನು 1470ರಲ್ಲಿ ತೀರಿಕೊಂಡಾಗ ಪಟ್ಟ ಹೋದದ್ದು ಜಾರ್ಜ್‌ಗೆ. ನೀವು ಜಾರ್ಜ್‌ನನ್ನು ‘ಜ್ಯೇಷ್ಠ ಪುತ್ರ’ ಎಂದು ಬರೆದು, ಇನ್ನೊಬ್ಬ ಅಲೆಕ್ಸಾಂಡರ್ ಸೀಟನ್‌ನನ್ನು ಅವನ ತಮ್ಮನನ್ನಾಗಿ ಕೆಳಗೆ ಕೂರಿಸಿದ್ದೀರಿ. ಅದು ತಲೆಕೆಳಗು. ಆ ಅಲೆಕ್ಸಾಂಡರ್ ಅರ್ಲ್‌ನ ಎರಡನೇ ಹೆಂಡತಿ, ಟುಲಿಬಾಡಿಯ ವಾರಸುದಾರಳಾದ ಈಜಿಡಿಯಾ ಹೇ ಹೆತ್ತ ಮಗ. ಜಾರ್ಜ್ ಮೂರನೇ ಹೆಂಡತಿ ಎಲಿಜಬೆತ್ ಕ್ರೈಟನ್‌ಳ ಮಗ. ಆಕೆಯ ತಂದೆ ವಿಲಿಯಂ ಕ್ರೈಟನ್ ರಾಜ್ಯದ ಚಾನ್ಸಲರ್, ಅಂದರೆ ರಾಜಮುದ್ರೆ ಕೈಯಲ್ಲಿದ್ದ ದೊಡ್ಡ ಅಧಿಕಾರಿ. ಈ ಮೂರನೇ ಮದುವೆಯಾಗಿ ದಶಕದೊಳಗೇ, 1449-50ರ ಸುಮಾರಿಗೆ, ಪಟ್ಟವೂ ಮುಖ್ಯ ಆಸ್ತಿಯೂ ಕ್ರೈಟನ್‌ಳ ಗಂಡುಮಕ್ಕಳಿಗೇ ಹೋಗಬೇಕು ಎಂದು ಸನ್ನದು ಬದಲಾಯಿತು. ಹಿರಿಯ ಮಗನಿಗೆ ತಾಯಿಯ ಕಡೆಯ ಜಮೀನು ದಕ್ಕಿತು, ಸೀಟನ್ ಎಂಬ ಹೆಸರೂ ಅವನ ಸಂತತಿಯಲ್ಲೇ ಉಳಿಯಿತು. ಟಚ್‌ನ ಸೀಟನ್‌ಗಳು ಅವನ ಕಡೆಯವರು. ಕಿರಿಯರು ಗಾರ್ಡನ್ ಹೆಸರು ಹೊತ್ತು ಅರ್ಲ್‌ಗಳಾದರು.

ಒಂದು ಮನೆಯ ಹಿರಿಯ ಮಗನನ್ನು ಬದಿಗೆ ಸರಿಸಿ, ಹೊಸ ಮಾವನ ಅಧಿಕಾರದ ನೆರಳಲ್ಲಿ ಕಾಗದ ತಿದ್ದಿಸಿಕೊಂಡ ಕಥೆ ಇದು. ಇದಕ್ಕಿಂತ ಒಳ್ಳೆಯ ಆರಂಭ ನಿಮಗೆ ಎಲ್ಲಿ ಸಿಗಬೇಕು? ನಿಮ್ಮ ಮಂಜು, ಕಹಳೆಗಳನ್ನೆಲ್ಲ ತೆಗೆದು ಇಲ್ಲಿಂದ ಶುರು ಮಾಡಿ ಎಂಬುದು ನನ್ನ ಮೊದಲ ಸಲಹೆ.

ಕಾಗದಗಳ ಬಗ್ಗೆ ನಿಮಗೆ ಒಂದು ತಪ್ಪು ಕಲ್ಪನೆ ಇದ್ದಂತಿದೆ. ‘ಚರ್ಚಿನ ಜನನ ದಾಖಲೆಗಳಿಂದ ತಿಳಿದುಬರುತ್ತದೆ’ ಎಂದು ಎರಡು ಕಡೆ ಬರೆದಿದ್ದೀರಿ. 15ನೇ ಶತಮಾನಕ್ಕೆ ಅಂಥ ದಾಖಲೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಪ್ಯಾರಿಷ್ (ಊರ ಚರ್ಚಿನ) ರಿಜಿಸ್ಟರ್ ಪರ್ತ್‌ಷೈರಿನ ಎರಲ್ ಊರಿನದು, ಅದು ಶುರುವಾಗುವುದು 1553ರಲ್ಲಿ. ಅದಕ್ಕೂ ಹಿಂದೆ ಯಾರು ಯಾರ ಮಗ ಎಂದು ಬರೆದಿಟ್ಟವರು ಮಗುವಿನ ಸಲುವಾಗಿ ಬರೆಯಲಿಲ್ಲ, ಜಮೀನಿನ ಸಲುವಾಗಿ ಬರೆದರು. ರಾಜನಿಂದ ನೇರವಾಗಿ ಭೂಮಿ ಪಡೆದವನು ಸತ್ತರೆ ವಾರಸುದಾರ ಚಾನ್ಸರಿಯಿಂದ, ಅಂದರೆ ರಾಜನ ಪತ್ರಗಳನ್ನು ಹೊರಡಿಸುವ ಕಚೇರಿಯಿಂದ, ಆಜ್ಞಾಪತ್ರ ತರಿಸಬೇಕಿತ್ತು. ಆ ಸೀಮೆಯ ರಾಜಾಧಿಕಾರಿಯಾದ ಶೆರಿಫ್ ಸುತ್ತಮುತ್ತಲ ಭೂಮಾಲೀಕರನ್ನು ಕೂರಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದ: ಸತ್ತವನು ಯಾವ ಜಮೀನಿನ ಒಡೆಯನಾಗಿದ್ದ? ಈತ ಅವನ ನ್ಯಾಯಸಮ್ಮತ, ಅತಿ ಹತ್ತಿರದ ವಾರಸುದಾರನೇ? ವಯಸ್ಸಿಗೆ ಬಂದಿದ್ದಾನೆಯೇ? ಜಮೀನಿನ ಹುಟ್ಟುವಳಿ ಹಿಂದೆ ಎಷ್ಟು, ಈಗ ಎಷ್ಟು? ಅವರ ಉತ್ತರ ಚಾನ್ಸರಿಗೆ ವಾಪಸ್ ಹೋಗುತ್ತಿತ್ತು, ಅದಕ್ಕೇ ‘ರಿಟೂರ್’ ಎಂಬ ಹೆಸರು. ನಮ್ಮಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿದಾಗ ವಂಶವೃಕ್ಷ ಕೇಳಿ, ಊರವರ ಹೇಳಿಕೆ ಪಡೆದು ಮಹಜರು ಬರೆಯುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಅಲ್ಲಿಗೂ ಮುಗಿಯಲಿಲ್ಲ. ವಾರಸುದಾರನೋ ಅವನ ಪರವಾಗಿ ಬಂದವನೋ ಆ ನೆಲದ ಮೇಲೆಯೇ ನಿಲ್ಲಬೇಕು. ಒಡೆಯನ ಕಡೆಯ ಅಧಿಕಾರಿ ಅದೇ ನೆಲದ ಒಂದು ಹಿಡಿ ಮಣ್ಣನ್ನೂ ಒಂದು ಕಲ್ಲನ್ನೂ ಅವನ ಕೈಗೆ ಹಾಕುತ್ತಾನೆ. ಪಕ್ಕದಲ್ಲಿ ನಿಂತ ನೋಟರಿ ದಿನ, ಹೊತ್ತು, ಸಾಕ್ಷಿಗಳ ಹೆಸರು ಬರೆದುಕೊಂಡು ತನ್ನದೇ ಗುರುತಿನ ಚಿತ್ರ ಹಾಕಿ ಸಹಿ ಮಾಡುತ್ತಾನೆ. ಇದು ‘ಸೇಸಿನ್’. ಸಾಕ್ಷಿಗಳ ಆ ಪಟ್ಟಿಯನ್ನು ಯಾರೂ ಓದುವುದಿಲ್ಲ, ನೀವು ಓದಿ. ತಮ್ಮಂದಿರು, ಸೋದರಮಾವಂದಿರು, ಮದುವೆಯಿಲ್ಲದೆ ಹುಟ್ಟಿದ ಮಕ್ಕಳು ಎಲ್ಲರೂ ಅಲ್ಲಿ ಸಂಬಂಧಸಮೇತ ಸಿಗುತ್ತಾರೆ.

ಇನ್ನೊಂದು ಅನುಕೂಲವಿದೆ. ಸ್ಕಾಟ್ ಹೆಂಗಸರು ಮದುವೆಯಾದ ಮೇಲೂ ಕಾಗದಪತ್ರಗಳಲ್ಲಿ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ನೀವು ಈಜಿಡಿಯಾಳನ್ನು ‘ಲೇಡಿ ಗಾರ್ಡನ್’ ಮಾಡಿ, ಅವಳು ಎಲ್ಲಿಂದ ಬಂದಳು ಎಂಬ ಸುಳಿವನ್ನೇ ಅಳಿಸಿಬಿಟ್ಟಿದ್ದೀರಿ. ಹೇ ಎಂದೇ ಇರಲಿ.

ತಾರೀಖಿನ ವಿಷಯ ಚಿಕ್ಕದು, ಆದರೆ ಇದರಲ್ಲಿ ಎಡವಿದರೆ ಮಗು ಮದುವೆಗಿಂತ ಮೊದಲೇ ಹುಟ್ಟಿಬಿಡುತ್ತದೆ. 1600ರವರೆಗೆ ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಮೂಲ ಕಾಗದದಲ್ಲಿ 1459ರ ಮಾರ್ಚ್ 10 ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1460. ನಿಮ್ಮ ನಕ್ಷೆಯ ಜನವರಿ, ಫೆಬ್ರವರಿ, ಮಾರ್ಚ್ ತಾರೀಖುಗಳನ್ನು ಒಂದೊಂದಾಗಿ ಮತ್ತೆ ನೋಡಿ.

ಈ ಎಚ್ಚರಗಳೆಲ್ಲ ಒಟ್ಟಿಗೆ ಬೇಕಾಗುವ ಜಾಗ ಎರಡನೇ ಅರ್ಲ್ ಜಾರ್ಜ್‌ನ ಮನೆ. ಅವನು ಮೊದಲು ಮದುವೆಯಾದದ್ದು ಮೋರೆಯ ಕೌಂಟೆಸ್ ಎಲಿಜಬೆತ್ ಡನ್‌ಬಾರ್‌ಳನ್ನು. ಆಕೆಯ ಮೊದಲ ಗಂಡ ಆರ್ಚಿಬಾಲ್ಡ್ ಡಗ್ಲಸ್ 1455ರ ಕಾಳಗದಲ್ಲಿ ಸತ್ತಿದ್ದ. ಆ ಸಂಬಂಧ ನಿಲ್ಲಲಿಲ್ಲ. ಆಮೇಲೆ, 1460ರ ಸುಮಾರಿಗೆ, ಒಂದನೇ ಜೇಮ್ಸ್‌ನ ಮಗಳು ಅನಾಬೆಲಾ. ಅದೂ 1471ರ ಜುಲೈನಲ್ಲಿ ರದ್ದಾಯಿತು. ಕಾರಣ, ಅನಾಬೆಲಾ ಅವನ ಮೊದಲ ಹೆಂಡತಿಗೆ ಮೂರು, ನಾಲ್ಕನೇ ದರ್ಜೆಯ ನೆಂಟಳು (ದರ್ಜೆ ಎಂದರೆ ಇಬ್ಬರಿಗೂ ಸಮಾನರಾದ ಪೂರ್ವಜರಿಂದ ಎಣಿಸಿದ ತಲೆಮಾರು). ಹಿಂದಿನ ಹೆಂಡತಿಯ ಕಡೆಯಿಂದಾದರೂ ಸರಿ, ನಾಲ್ಕನೇ ದರ್ಜೆಯೊಳಗಿನ ನೆಂಟಸ್ತಿಕೆ ಇದ್ದರೆ ರೋಮ್‌ನ ಪೋಪ್ ಅನುಮತಿಯಿಲ್ಲದೆ ಮದುವೆ ಕೂಡದು ಎಂಬ ನಿಯಮ 1215ರಿಂದ ಇತ್ತು. ಕಡೆಗೆ ಎರಲ್ ಅರ್ಲ್‌ನ ಮನೆಯ ಎಲಿಜಬೆತ್ ಹೇ. ಈ ಮದುವೆ ನೆರವೇರಿದ್ದು 1476ರಲ್ಲಿ.

ನೀವು ಇವನ ಮಕ್ಕಳನ್ನೆಲ್ಲ ಅನಾಬೆಲಾಳ ಕೆಳಗೆ ಬರೆದು, ‘ರಾಜರಕ್ತ’ ಎಂದು ಒಂದು ಪುಟ ಹೊಗಳಿದ್ದೀರಿ. ಸ್ವಲ್ಪ ನಿಲ್ಲಿ. ಜಾರ್ಜ್‌ನ ವಾರಸುದಾರ ಮಗ ಅಲೆಕ್ಸಾಂಡರ್‌ಗೂ ಆಥಲ್ ಅರ್ಲ್‌ನ ಮಗಳು ಜಾನೆಟ್‌ಗೂ ಮದುವೆಯ ಮಾತಾದದ್ದು 1474ರಲ್ಲಿ. ತಾಯಿ ಎಲಿಜಬೆತ್ ಹೇ ಆಗಿದ್ದರೆ ಆಗ ಅವನು ಬಹಳ ಎಳೆಯ ಮಗು, ಅದೂ 1476ಕ್ಕಿಂತ ಮೊದಲು ಹುಟ್ಟಿದವನು. ಹಾಗಾಗಿ ಅನಾಬೆಲಾಳೇ ತಾಯಿ ಎನ್ನುವುದು ಸಹಜವಾಗಿ ಕಾಣುತ್ತದೆ. ಆದರೆ ಜಾನೆಟ್‌ಳ ತಂದೆ ಆಥಲ್ ಯಾರು? ಅನಾಬೆಲಾಳ ತಾಯಿ, ರಾಣಿ ಜೋನ್ ಬೋಫರ್ಟ್, ಒಂದನೇ ಜೇಮ್ಸ್ ಸತ್ತ ಮೇಲೆ ಮಾಡಿಕೊಂಡ ಎರಡನೇ ಮದುವೆಯಲ್ಲಿ ಹುಟ್ಟಿದ ಮಗ. ಅಂದರೆ ಅನಾಬೆಲಾ ತಾಯಿಯಾಗಿದ್ದರೆ, ಆಥಲ್ ಅವಳ ಒಂದೇ ತಾಯಿಯ ಸೋದರ, ವಧು ವರನಿಗೆ ಸೋದರಮಾವನ ಮಗಳು! ನಮಗೆ ಅದು ಸಲೀಸಾದ ಸಂಬಂಧ. ಅಲ್ಲಿನ ಚರ್ಚಿಗೆ ಎರಡನೇ ದರ್ಜೆಯ ರಕ್ತಸಂಬಂಧ, ರೋಮ್‌ಗೆ ಅರ್ಜಿ ಹಾಕದೆ ಮುಟ್ಟುವಂತಿಲ್ಲ. ಆದ್ದರಿಂದ ನೀವು ಹುಡುಕಬೇಕಾದ ಕಾಗದ ಅದು. ಅನುಮತಿ ಕೇಳಿದ್ದರೋ, ಕೇಳಿದ್ದರೆ ಯಾವ ದರ್ಜೆ ಎಂದು ಹೇಳಿದ್ದರೋ ನೋಡಿ. ರೋಮ್‌ಗೆ ಹೋದ ಸ್ಕಾಟಿಷ್ ಅರ್ಜಿಗಳ ಸಾರಾಂಶ ಸಂಪುಟಗಳು ಅಚ್ಚಾಗಿವೆ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ.

ಮಗಳು ಕ್ಯಾಥರೀನ್‌ಳ ವಿಷಯವೂ ಹೀಗೇ. ಇಂಗ್ಲೆಂಡಿನ ಪಟ್ಟಕ್ಕೆ ಹಕ್ಕು ಹೇಳಿಕೊಂಡು ಬಂದ ಪರ್ಕಿನ್ ವಾರ್‌ಬೆಕ್‌ನನ್ನು ಅವಳು ಮದುವೆಯಾದದ್ದು 1496ರ ಆರಂಭದಲ್ಲಿ. ಅವಳು ಅನಾಬೆಲಾಳ ಮಗಳಾದರೆ ಆಗ ಇಪ್ಪತ್ಮೂರು ವರ್ಷಕ್ಕೆ ಕಡಿಮೆಯಿರಲಾರಳು. ಎಲಿಜಬೆತ್ ಹೇಯ ಮಗಳಾದರೆ ಇಪ್ಪತ್ತರ ಆಸುಪಾಸು, ಆಗ ರಾಜರಕ್ತದ ನಿಮ್ಮ ಪುಟ ಬಿದ್ದುಹೋಗುತ್ತದೆ. ನನಗೆ ಹೇಯ ಕಡೆಗೇ ಒಲವು. ಆದರೆ ನನ್ನ ಒಲವನ್ನು ನಕ್ಷೆಯಲ್ಲಿ ಹಾಕಬೇಡಿ, ಎರಡೂ ತಾಯಂದಿರಿಂದ ಚುಕ್ಕೆಗೆರೆ ಎಳೆಯಿರಿ. ಇನ್ನು, ಮದುವೆ ರದ್ದಾದದ್ದರಿಂದ ಅನಾಬೆಲಾಳ ಮಕ್ಕಳು ಅಕ್ರಮ ಸಂತಾನವಾದರು ಎಂದೂ ಬರೆಯಬೇಡಿ. ತಂದೆತಾಯಿ ಅಡ್ಡಿ ತಿಳಿಯದೆ ನಂಬಿಕೆಯಿಂದ ಮದುವೆಯಾಗಿದ್ದರೆ ಚರ್ಚಿನ ಕಾನೂನು ಆ ಮಕ್ಕಳನ್ನು ಸಕ್ರಮವೆಂದೇ ಹಿಡಿಯುತ್ತಿತ್ತು.

ಕುಟುಂಬದವರೇ ಬರೆಸಿಕೊಂಡ ಇತಿಹಾಸಗಳನ್ನು ನೀವು ತುಂಬ ನಂಬಿದ್ದೀರಿ. ಸದರ್‌ಲೆಂಡ್ ಪ್ರಕರಣದಲ್ಲಿ ಇದರ ಅಪಾಯ ಎದ್ದು ಕಾಣುತ್ತದೆ. ಜಾರ್ಜ್‌ನ ಮಗ ಆಡಮ್ ಗಾರ್ಡನ್ ಸದರ್‌ಲೆಂಡ್ ಅರ್ಲ್ ಮನೆಯ ಎಲಿಜಬೆತ್‌ಳನ್ನು ಮದುವೆಯಾದ. 1514ರಲ್ಲಿ ಅವಳನ್ನೇ ವಾರಸುದಾರಳೆಂದು ಘೋಷಿಸಲಾಯಿತು. ಅವಳ ಮಲಸೋದರ ಅಲೆಕ್ಸಾಂಡರ್ ಸದರ್‌ಲೆಂಡ್ ತನ್ನ ಹಕ್ಕಿಗಾಗಿ ಡನ್‌ರಾಬಿನ್ ಕೋಟೆಯನ್ನೇ ಹಿಡಿದು, ಕೊನೆಗೆ ಕೊಲೆಯಾದ. ‘ಅವನು ಅಕ್ರಮ ಸಂತಾನ’ ಎಂದು ನೀವು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದೀರಿ. ಅದನ್ನು ವಿಸ್ತಾರವಾಗಿ ಬರೆದಿಟ್ಟವರು 17ನೇ ಶತಮಾನದಲ್ಲಿ ಗೆದ್ದವರ ವಂಶದವರು. ಸೋತವನ ಕಡೆಯ ಕಾಗದ ನಮ್ಮ ಕೈಗೆ ಬಂದಿಲ್ಲ. ‘ಗಾರ್ಡನ್ ಕಡೆಯವರ ಪ್ರಕಾರ’ ಎಂದು ಸೇರಿಸಿದರೆ ಆ ಮನುಷ್ಯನಿಗೆ ಅಷ್ಟಾದರೂ ನ್ಯಾಯ ಸಿಗುತ್ತದೆ. ನನಗೆ ಇದು ಮುಖ್ಯ. ಸತ್ತು ಐನೂರು ವರ್ಷವಾದವನ ಮೇಲೂ ಸಾಕ್ಷಿಯಿಲ್ಲದೆ ಕಳಂಕ ಹಚ್ಚುವ ಹಕ್ಕು ನಮಗಿಲ್ಲ.

ಕೆಲವು ಕಡೆ ನಿಮಗೆ ಏನೂ ಸಿಗದು. ಸ್ಕಾಟ್ಲೆಂಡನ್ನು ಗೆದ್ದುಕೊಂಡಿದ್ದ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಕಾಲದಲ್ಲಿ ಲಂಡನ್ನಿಗೆ ಸಾಗಿಸಿದ್ದ ಸ್ಕಾಟಿಷ್ ದಾಖಲೆಗಳನ್ನು ಹಿಂದಕ್ಕೆ ಕಳಿಸುವಾಗ, 1660ರಲ್ಲಿ, ಒಂದು ಹಡಗೇ ಮುಳುಗಿತು. ಅಂಥ ಕಡೆ ನಕ್ಷೆಯಲ್ಲಿ ಜಾಗ ಖಾಲಿ ಬಿಡಿ, ಯಾಕೆ ಖಾಲಿ ಎಂದು ಅಡಿಯಲ್ಲಿ ಬರೆಯಿರಿ.

ಇಷ್ಟೆಲ್ಲ ಹೇಳಿದ ಮೇಲೆ, ಕೆಲಸ ಇಷ್ಟು: 1402ರಿಂದ 1501ರವರೆಗೆ, ಅಂದರೆ ಆಡಮ್‌ನ ಸಾವಿನಿಂದ ಎರಡನೇ ಅರ್ಲ್‌ನ ಸಾವಿನವರೆಗೆ ಮಾತ್ರ ಬರೆಯಿರಿ. ಬ್ರೂಸ್‌ಗೂ ಹಿಂದಿನ ಪುರಾಣ ಬೇಡ, 18ನೇ ಶತಮಾನದ ಡ್ಯೂಕ್‌ಗಳೂ ಬೇಡ. ಪ್ರತಿ ಸಂಬಂಧದ ಪಕ್ಕದಲ್ಲಿ ಅದು ಯಾವ ಕಾಗದದಿಂದ ಬಂತು, ಆ ಕಾಗದವನ್ನು ಯಾರು ಯಾಕೆ ಬರೆಸಿದರು ಎಂದು ಒಂದು ವಾಕ್ಯವಿರಲಿ. ಅಚ್ಚಾದ ರಾಜಮುದ್ರೆಯ ರಿಜಿಸ್ಟರ್‌ನಿಂದ ಶುರು ಮಾಡಿ, ಮೂಲ ಕಾಗದದ ಅಗತ್ಯ ಬಿದ್ದರೆ ಎಡಿನ್‌ಬರೋದ ರಾಷ್ಟ್ರೀಯ ದಾಖಲೆ ಸಂಗ್ರಹಾಲಯಕ್ಕೆ ಬರೆಯಿರಿ. ಲ್ಯಾಟಿನ್ ಓದಲು ಕಷ್ಟವಾದ ಸನ್ನದಿದ್ದರೆ ಅದರ ಪ್ರತಿಯನ್ನು ನನಗೂ ಕಳಿಸಿ, ಓದಬಲ್ಲವರನ್ನು ಕೇಳೋಣ. ಹೊಸ ಕರಡು ಬಂದಾಗ ನಾನು ಮೊದಲು ನೋಡುವುದು 1474ರ ಮದುವೆಯ ಪ್ಯಾರಾವನ್ನು.

ವಿಶ್ವಾಸದಿಂದ,
ಸಂಪಾದಕ