ಗೆಲಾಕ್ಸಿಗಳ ಅಕ್ಷ ಯಾವ ಕಡೆಗೆ?

ಪ್ರಶ್ನೆ: ಗೆಲಾಕ್ಸಿಗಳು ಬೇಕಾಬಿಟ್ಟಿ ದಿಕ್ಕಿನಲ್ಲಿ ತಿರುಗುತ್ತವೆಯೋ, ಅವುಗಳ ಅಕ್ಷಕ್ಕೆ ಏನಾದರೂ ಕ್ರಮವಿದೆಯೋ? (ಶಿವಮೊಗ್ಗ)

ಕ್ರಮವಿದೆ, ಆದರೆ ಬಲು ನವಿರಾದದ್ದು. ಬ್ರಹ್ಮಾಂಡದ ವಸ್ತುವೆಲ್ಲ ಒಂದು ಬಲೆಯ ಹಾಗೆ ಹರಡಿದೆ: ಉದ್ದನೆಯ ಎಳೆಗಳು, ಎಳೆಗಳು ಸೇರುವಲ್ಲಿ ಗೆಲಾಕ್ಸಿ ಗುಚ್ಛಗಳ ಗಂಟುಗಳು, ನಡುವೆ ದೊಡ್ಡ ಖಾಲಿ ಜಾಗಗಳು. ಸಣ್ಣ ಸುರುಳಿ ಗೆಲಾಕ್ಸಿಗಳ ಅಕ್ಷ ತಾವಿರುವ ಎಳೆಯ ಉದ್ದಕ್ಕೇ ಚಾಚಿರುವುದು ಹೆಚ್ಚು, ರಾಟೆಯ ಕದಿರು ನೂಲಿನ ಸಾಲಿನಲ್ಲೇ ತಿರುಗುವ ಹಾಗೆ. ಭಾರಿ ಗೆಲಾಕ್ಸಿಗಳದ್ದು ಗಾಡಿ ಚಕ್ರದ ರೀತಿ: ಅಚ್ಚು ದಾರಿಗೆ ಅಡ್ಡ.

ತಿರುಗು ಬಂದದ್ದು ಎಲ್ಲಿಂದ ಎಂಬುದಕ್ಕೆ ಖಗೋಳವಿಜ್ಞಾನಿ ಫ್ರೆಡ್ ಹೋಯ್ಲ್ 1949ರಲ್ಲೇ ಸುಳಿವು ಕೊಟ್ಟಿದ್ದರು. 1969ರಲ್ಲಿ ಜಿಮ್ ಪೀಬಲ್ಸ್ ಲೆಕ್ಕ ಹಾಕಿ ತೋರಿಸಿದರು. ಇನ್ನೂ ಗಟ್ಟಿಯಾಗದ, ಓರೆಕೋರೆ ಆಕಾರದ ಅನಿಲರಾಶಿಯನ್ನು ಅಕ್ಕಪಕ್ಕದ ರಾಶಿಗಳ ಗುರುತ್ವ ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಎಳೆಯುತ್ತದೆ. ಕಡಲಲ್ಲಿ ಉಬ್ಬರವಿಳಿತ ಎಬ್ಬಿಸುವ ಬಲವೇ ಇಲ್ಲಿ ರಾಶಿಯನ್ನು ತಿರುಚುತ್ತದೆ. ಎಳೆಯ ಸುತ್ತ ಸುಳಿಯುತ್ತ ಬೀಳುವ ಅನಿಲದಿಂದ ಬೆಳೆದ ಸಣ್ಣ ಗೆಲಾಕ್ಸಿ ಆ ಸುಳಿಯನ್ನೇ ಉಳಿಸಿಕೊಳ್ಳುತ್ತದೆ. ದೊಡ್ಡದು ಹಾಗಲ್ಲ, ಅದು ಎಳೆಯುದ್ದಕ್ಕೂ ಜಾರಿಬಂದ ಗೆಲಾಕ್ಸಿಗಳನ್ನು ನುಂಗಿ ಬೆಳೆದದ್ದು. ಡಿಕ್ಕಿ ಎಳೆಯ ದಿಕ್ಕಿನಲ್ಲಿ ನಡೆದರೆ ಅದರಿಂದ ಹುಟ್ಟುವ ತಿರುಗಿನ ಅಕ್ಷ ಎಳೆಗೆ ಅಡ್ಡವಾಗುತ್ತದೆ. ಕಂಪ್ಯೂಟರ್ ಸಿಮ್ಯುಲೇಶನ್‌ಗಳಲ್ಲಿ ಈ ಮಗುಚುವಿಕೆ ನಡೆಯುವುದು ಗೆಲಾಕ್ಸಿಯನ್ನು ಸುತ್ತುವರಿದ ಕಪ್ಪುದ್ರವ್ಯದ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ವಸ್ತು) ರಾಶಿ ಸೂರ್ಯನ ಒಂದರಿಂದ ಐದು ಲಕ್ಷ ಕೋಟಿ ಪಟ್ಟು ಇರುವ ಆಸುಪಾಸಿನಲ್ಲಿ. ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿರುವ 3.9 ಮೀಟರ್ ದೂರದರ್ಶಕದ ಸಾಮಿ ಸಮೀಕ್ಷೆಯಲ್ಲಿ 2020ರಲ್ಲಿ ನಿಜವಾದ ಗೆಲಾಕ್ಸಿಗಳಲ್ಲೂ ಇದು ಕಂಡಿತು.

ಪ್ರಶ್ನೆ: ಆಕಾಶದ ಗೆಲಾಕ್ಸಿಗಳನ್ನು ದಾಖಲಿಸಿದ ಸ್ಲೋನ್ ಸಮೀಕ್ಷೆಯ ದತ್ತಾಂಶ ಎಲ್ಲರಿಗೂ ಸಿಗುತ್ತದೆ. ಕಾಲೇಜು ಪ್ರಾಜೆಕ್ಟಿಗೆ ನಾವೇ ಇದನ್ನು ಪರೀಕ್ಷಿಸಬಹುದೇ? (ಧಾರವಾಡ)

ಬಹುದು. ತಟ್ಟೆಯಾಕಾರದ ಗೆಲಾಕ್ಸಿಗಳನ್ನಷ್ಟೇ ಆರಿಸಿಕೊಳ್ಳಿ. ಚಿತ್ರದಲ್ಲಿ ಕಾಣುವ ಅಂಡಾಕಾರದ ಗಿಡ್ಡ ಅಕ್ಷವನ್ನು ಉದ್ದ ಅಕ್ಷದಿಂದ ಭಾಗಿಸಿ. ತಟ್ಟೆಗೂ ದಪ್ಪ ಇರುವುದರಿಂದ ಈ ಅನುಪಾತವೇ ವಾಲಿಕೆಯ ಕೊಸೈನ್ ಎಂದುಕೊಂಡರೆ ತಪ್ಪಾಗುತ್ತದೆ. ತಟ್ಟೆಯ ದಪ್ಪಕ್ಕೂ ಅಗಲಕ್ಕೂ ಇರುವ ಅನುಪಾತ 0.2 ಎಂದಿಟ್ಟುಕೊಳ್ಳುವುದು ರೂಢಿ. ಅಕ್ಷಗಳ ಅನುಪಾತ 0.5 ಬಂತೆನ್ನಿ. ಅದರ ವರ್ಗ 0.25, ಅದರಿಂದ 0.04 ಕಳೆದು 0.96ರಿಂದ ಭಾಗಿಸಿದರೆ 0.219. ವರ್ಗಮೂಲ 0.468, ಇದೇ ಕೊಸೈನ್, ಅಂದರೆ ವಾಲಿಕೆ 62 ಡಿಗ್ರಿ. ದಪ್ಪ ಮರೆತಿದ್ದರೆ 60 ಬರುತ್ತಿತ್ತು. ಅಂಚಿನಿಂದ ಕಾಣುವ ಗೆಲಾಕ್ಸಿಗಳಲ್ಲಿ ಈ ತಪ್ಪು ಇನ್ನೂ ದೊಡ್ಡದು.

ಇಷ್ಟಾದರೂ ತಟ್ಟೆಯ ಯಾವ ಅಂಚು ನಮಗೆ ಹತ್ತಿರ ಎಂಬುದು ಗೊತ್ತಾಗುವುದಿಲ್ಲ, ಹಾಗಾಗಿ ಪ್ರತಿ ಗೆಲಾಕ್ಸಿಗೂ ಎರಡು ಅಕ್ಷಗಳು ಸಾಧ್ಯ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅರ್ಧರ್ಧ ತೂಕ ಕೊಡಿ. ಆಮೇಲೆ ಅಕ್ಷಕ್ಕೂ ಎಳೆಗೂ ನಡುವಿನ ಕೋನದ ಕೊಸೈನ್ ತೆಗೆದು ಚಿಹ್ನೆ ಬಿಟ್ಟು ಸರಾಸರಿ ಮಾಡಿ. ಕ್ರಮವೇ ಇಲ್ಲದಿದ್ದರೆ ಉತ್ತರ 0.5. ಕೋನಗಳ ಸರಾಸರಿಯನ್ನು ಮಾತ್ರ ತೆಗೆಯಬೇಡಿ: ಮೂರು ಆಯಾಮದಲ್ಲಿ ಅಡ್ಡ ದಿಕ್ಕಿಗೆ ಜಾಗ ಹೆಚ್ಚು, ಬೇಕಾಬಿಟ್ಟಿ ಅಕ್ಷಗಳಲ್ಲೂ ಅರ್ಧದಷ್ಟಕ್ಕೆ ಕೋನ 60 ಡಿಗ್ರಿಗಿಂತ ಹೆಚ್ಚಿರುತ್ತದೆ. ಅದನ್ನು ನೋಡಿ ‘ಎಲ್ಲವೂ ಅಡ್ಡ!’ ಎಂದು ಬರೆದುಬಿಡುವುದು ಸುಲಭ.

ಎಷ್ಟು ಗೆಲಾಕ್ಸಿ ಬೇಕು? ಸರಾಸರಿಯ ದೋಷ 0.289ನ್ನು ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. 0.51ನ್ನು 0.50ರಿಂದ ಮೂರು ಸಿಗ್ಮಾ ಭರವಸೆಯಲ್ಲಿ (ವ್ಯತ್ಯಾಸ ದೋಷದ ಮೂರು ಪಟ್ಟು ಇರುವಂತೆ) ಬೇರ್ಪಡಿಸಲು 7,500 ಬೇಕು, ಅದೂ ಅಳತೆ ತಪ್ಪೇ ಇಲ್ಲದಿದ್ದರೆ. ಇನ್ನೂರು ಗೆಲಾಕ್ಸಿಯ ಪ್ರಾಜೆಕ್ಟಿನಲ್ಲಿ ಏನೂ ಸಿಗಲಿಲ್ಲವೆಂದರೆ ಅದು ಸೋಲಲ್ಲ, ಅಂಕಗಣಿತ.

ಹೆಚ್ಚು ಮೋಸಹೋಗುವುದು ದೂರದ ಅಳತೆಯಲ್ಲಿ. ಕೆಂಪುಪಲ್ಲಟದಿಂದ (ದೂರ ಸರಿಯುವ ಗೆಲಾಕ್ಸಿಯ ಬೆಳಕು ಕೆಂಪಿನ ಕಡೆ ಜರುಗುವುದು) ದೂರ ತೆಗೆಯುವಾಗ ಗೆಲಾಕ್ಸಿಯ ಸ್ವಂತ ಓಟವೂ ಸೇರಿಕೊಳ್ಳುತ್ತದೆ. ಗುಚ್ಛದೊಳಗೆ ಸೆಕೆಂಡಿಗೆ 500 ಕಿ.ಮೀ. ವೇಗವಿದ್ದರೆ ಸುಮಾರು 2.3 ಕೋಟಿ ಜ್ಯೋತಿರ್ವರ್ಷದಷ್ಟು ಜಾಗ ತಪ್ಪುತ್ತದೆ. ಗುಂಡಗಿನ ಗುಚ್ಛ ನಮ್ಮ ಕಡೆಗೆ ಬೆರಳು ಚಾಚಿದಂತೆ ಕಾಣುತ್ತದೆ, ಎಳೆ ಹುಡುಕುವ ಪ್ರೋಗ್ರಾಂ ಅದನ್ನೇ ಎಳೆ ಎಂದು ಹಿಡಿಯುತ್ತದೆ. ಹೀಗೆ ಉದ್ದವಾಗಿ ಕಾಣುವ ಗುಚ್ಛಗಳನ್ನು ಮೊದಲು ನೋಟದ ದಿಕ್ಕಿನಲ್ಲಿ ಕುಗ್ಗಿಸಿಕೊಳ್ಳಿ. ಕೊನೆಗೆ ಗೆಲಾಕ್ಸಿಗಳ ಜಾಗ ಹಾಗೇ ಇಟ್ಟು, ಅಳೆದ ದಿಕ್ಕುಗಳನ್ನು ಇಸ್ಪೀಟಿನಂತೆ ಕಲಸಿ ಸಾವಿರ ಸಲ ಮತ್ತೆ ಲೆಕ್ಕ ಹಾಕಿ. ಕಲಸಿದ ಮೇಲೂ ‘ಕ್ರಮ’ ಉಳಿದರೆ ಅದು ಆಕಾಶದ್ದಲ್ಲ, ನಿಮ್ಮ ಆಯ್ಕೆಯದ್ದು.

ಪ್ರಶ್ನೆ: ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ನೋಡಿದ ಗೆಲಾಕ್ಸಿಗಳಲ್ಲಿ ಹೆಚ್ಚಿನವು ಒಂದೇ ಕಡೆ ತಿರುಗುತ್ತವಂತೆ. ನಾವು ಕಪ್ಪುಕುಳಿಯ ಒಳಗಿದ್ದೇವೆಯೇ? (ಮೈಸೂರು)

2025ರ ಆ ಲೇಖನದಲ್ಲಿ ಇದ್ದದ್ದು 263 ಗೆಲಾಕ್ಸಿ: 158 ಪ್ರದಕ್ಷಿಣೆ, 105 ಅಪ್ರದಕ್ಷಿಣೆ. ಬರೀ ಎಣಿಕೆಯಾಗಿ ನೋಡಿದರೆ ಮೂರು ಸಿಗ್ಮಾಗಿಂತ ತುಸು ಹೆಚ್ಚು, ತಳ್ಳಿಹಾಕುವಂಥದ್ದಲ್ಲ. ಆದರೆ ಇದು ಆಕಾಶದ ಒಂದು ಸಣ್ಣ ತುಣುಕು, ಎಣಿಸಿದ್ದೂ ದಿಕ್ಕು ಸ್ಪಷ್ಟವಾಗಿ ಕಂಡವನ್ನು ಮಾತ್ರ. 2007ರಲ್ಲಿ ಶುರುವಾದ ಗೆಲಾಕ್ಸಿ ಝೂ ಯೋಜನೆಯಲ್ಲೂ ಚಿತ್ರ ನೋಡಿ ವಿಂಗಡಿಸಿದ ಸಾಮಾನ್ಯ ಜನ ಅಪ್ರದಕ್ಷಿಣೆಯನ್ನು ಹೆಚ್ಚು ಗುರುತಿಸಿದ್ದರು. ಅದೇ ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ತೋರಿಸಿದಾಗಲೂ ಅಪ್ರದಕ್ಷಿಣೆಯೇ ಹೆಚ್ಚು ಬಂತು! ತಪ್ಪು ಕಣ್ಣಿನದಾಗಿತ್ತು. ತಿರುಗುವ ಕಪ್ಪುಕುಳಿಯೊಳಗೆ ಬ್ರಹ್ಮಾಂಡ ಹುಟ್ಟಿದ್ದರೆ ಅದಕ್ಕೂ ಒಂದು ತಿರುಗು ಇರಬಹುದೆಂಬ ಊಹೆಯಿಂದ ಬಂದ ಕಪ್ಪುಕುಳಿಯ ಮಾತು ಈ ಎಣಿಕೆಯಿಂದ ಬಹಳ ದೂರದ ಹಾರಾಟ. ಎಳೆಗೂ ಅಕ್ಷಕ್ಕೂ ಇರುವ ನಂಟಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಇದರಿಂದ ಉಪಯೋಗವೇನು? (ಪುತ್ತೂರು)

ಕಪ್ಪುದ್ರವ್ಯದ ನಕ್ಷೆ ಬರೆಯುವವರಿಗೆ ಇದು ದೊಡ್ಡ ತಲೆನೋವು. 2023ರ ಜುಲೈನಲ್ಲಿ ಹಾರಿದ ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕ ದೂರದ ಗೆಲಾಕ್ಸಿಗಳ ಆಕಾರ ಗುರುತ್ವದಿಂದ ಶೇ. 1ರಷ್ಟು ಸೊಟ್ಟಗಾಗುವುದನ್ನು ಅಳೆಯುತ್ತದೆ. ಅಕ್ಕಪಕ್ಕದ ಗೆಲಾಕ್ಸಿಗಳು ಹುಟ್ಟಿನಿಂದಲೇ ಒಂದೇ ಕಡೆ ವಾಲಿದ್ದರೆ ಅದೂ ಸೊಟ್ಟತನದಂತೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸದಿದ್ದರೆ ಕಪ್ಪುದ್ರವ್ಯದ ಲೆಕ್ಕವೇ ಏರುಪೇರು.

ಪ್ರಶ್ನೆ: ನಮ್ಮ ಕ್ಷೀರಪಥ ಹೇಗೆ ನಿಂತಿದೆ? (ಬೆಂಗಳೂರು)

ನೆರೆಹೊರೆಯ ಗೆಲಾಕ್ಸಿಗಳು ಹರಡಿರುವ ಹಾಳೆಗೂ ನಮ್ಮ ತಟ್ಟೆಗೂ ನಡುವಿನ ಕೋನ ಸುಮಾರು 84 ಡಿಗ್ರಿ. ಅಂದರೆ ಅಕ್ಷ ಹೆಚ್ಚುಕಡಿಮೆ ಆ ಹಾಳೆಯಲ್ಲೇ ಮಲಗಿದೆ. ಅದರ ಉತ್ತರ ತುದಿಯಿಂದ ಕನ್ಯಾ ಗುಚ್ಛದ ನಡುಭಾಗ 15 ಡಿಗ್ರಿಯಷ್ಟೇ ಆಚೆ. ಒಂದು ಗೆಲಾಕ್ಸಿಯಿಂದ ಏನೂ ಸಾಬೀತಾಗದು, ಆದರೂ ಏಪ್ರಿಲ್ ರಾತ್ರಿ ಕನ್ಯಾರಾಶಿ ನೆತ್ತಿಯ ಕಡೆ ಬಂದಾಗ ಒಮ್ಮೆ ನೋಡಿ: ನಮ್ಮ ಬುಗುರಿಯ ಮೊಳೆ ಹೆಚ್ಚುಕಡಿಮೆ ಆ ಕಡೆಗೇ ಇದೆ.