ತಿರುಗುವ ತೋಳಿನ ಕೋನಕ್ಕೆ ಯಾವ ಸೆನ್ಸರ್?

ಪೊಟೆನ್ಷಿಯೋಮೀಟರ್ (ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ, ಚಿಕ್ಕದಾಗಿ ‘ಪಾಟ್’) ಹಾಕಿದರೆ ತೋಳು ಪೂರ್ತಿ ಸುತ್ತುವುದಿಲ್ಲ, ರೀಡಿಂಗ್ ಕೂಡ ಜಿಗಿಯುತ್ತದೆ, ಬೇರೆ ಏನಿದೆ ಅಂತ ಕೇಳಿದ್ದೀರಿ. ಮಾಮೂಲಿ ಪಾಟ್ ಸುಮಾರು 270–300 ಡಿಗ್ರಿಗೇ ನಿಲ್ಲುತ್ತದೆ, ಒಳಗಿನ ಪಟ್ಟಿಯೂ ಸವೆಯುತ್ತದೆ. ಎಎಸ್5600 ಹಾಕಿ. ತೋಳಿನ ಶಾಫ್ಟ್‌ಗೆ ಅಂಟಿಸಿದ ಮ್ಯಾಗ್ನೆಟ್ ಎಷ್ಟು ತಿರುಗಿತು ಅಂತ ಮುಟ್ಟದೇ ಅಳೆಯುವ ಸೆನ್ಸರ್ ಚಿಪ್ ಇದು. ಒಂದು ಸುತ್ತಿಗೆ 4096 ಹಂತ, ಅಂದರೆ ಹಂತಕ್ಕೆ ಸುಮಾರು 0.088 ಡಿಗ್ರಿ. ಕರೆಂಟ್ ಹೋಗಿ ಬಂದರೂ ತೋಳು ಯಾವ ಕೋನದಲ್ಲಿದೆ ಅಂತ ತಕ್ಷಣ ಹೇಳುತ್ತದೆ.

ಮ್ಯಾಗ್ನೆಟ್ ವಿಷಯದಲ್ಲಿ ಮಾತ್ರ ಹುಷಾರು. ಅಂಗಡಿಯಲ್ಲಿ ಸಿಗುವ ಬಿಲ್ಲೆಗಳಲ್ಲಿ ಜಾಸ್ತಿ ಪಾಲಿನವಕ್ಕೆ ಮೇಲ್ಮುಖ ಉತ್ತರ, ಕೆಳಮುಖ ದಕ್ಷಿಣ. ಅವನ್ನು ಎಷ್ಟು ತಿರುಗಿಸಿದರೂ ಚಿಪ್‌ಗೆ ಗೊತ್ತಾಗುವುದಿಲ್ಲ. ಮೇಲಿನಿಂದ ನೋಡಿದಾಗ ಬಿಲ್ಲೆಯ ಅರ್ಧ ಭಾಗ ಉತ್ತರ, ಇನ್ನರ್ಧ ದಕ್ಷಿಣ ಇರುವಂಥದ್ದೇ ಬೇಕು. ಅದನ್ನು ಶಾಫ್ಟ್ ತುದಿಯ ನಟ್ಟನಡುವೆ ಅಂಟಿಸಿ, ಚಿಪ್‌ನಿಂದ 1–2 ಮಿಲಿಮೀಟರ್ ದೂರ ಇಡಿ. ಶಾಫ್ಟ್ ಕಬ್ಬಿಣದ್ದಾದರೆ ಅದಕ್ಕೂ ಮ್ಯಾಗ್ನೆಟ್‌ಗೂ ನಡುವೆ ಪ್ಲಾಸ್ಟಿಕ್ ತುಂಡೊಂದನ್ನು ಕೊಡಿ.