ಪಂಚಾಯ್ತಿ ಸಾಕು, ಮೇಷ್ಟ್ರೇ

ಆಲೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಮಗಳು, ಅಳಿಯ ಬೆಂಗಳೂರಿನಲ್ಲಿದ್ದಾರೆ. ಜಗಳ ಜಾಸ್ತಿಯಾಗಿ ಈಗ ಇಬ್ಬರೂ ವಾರಕ್ಕೊಮ್ಮೆ ಆಪ್ತಸಮಾಲೋಚಕರ ಹತ್ತಿರ ಹೋಗುತ್ತಿದ್ದಾರೆ. ಅಟ್ಯಾಚ್‌ಮೆಂಟ್ ಥೆರಪಿ ಅಂತೆ, ಅಂದರೆ ಇಬ್ಬರ ನಡುವಿನ ನಂಟನ್ನು ಗಟ್ಟಿ ಮಾಡುವ ಮಾತಿನ ಚಿಕಿತ್ಸೆ. ಮೇಷ್ಟ್ರಿಗೆ ಇದು ಸರಿಬಂದಿಲ್ಲ. "ಮನೆ ಗುಟ್ಟನ್ನು ದುಡ್ಡು ಕೊಟ್ಟು ಮೂರನೆಯವರಿಗೆ ಹೇಳುವುದೇ? ಎರಡೂ ಕಡೆಯ ಹಿರಿಯರು ಕೂತು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಹಿರಿಯರು ಸುಮ್ನೆ ಹೇಳಿದರೇ?" ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಹಿರಿಯರ ಒಂದು ಮಾತಿನಿಂದ ಉಳಿದ ಸಂಸಾರಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಪಂಚಾಯ್ತಿಗೆ ಕೂತವರು ಮೊದಲು ಕೇಳುವುದು ಏನು? ತಪ್ಪು ಯಾರದ್ದು ಅಂತ. ಒಬ್ಬರು ಸೋಲಬೇಕು, ಒಬ್ಬರು ಗೆಲ್ಲಬೇಕು. ನಮ್ಮ ಕಡೆ ಸೋಲುವವರು ಯಾರು ಅಂತ ನಿಮಗೆ ಗೊತ್ತಿದೆ. "ಹೊಂದಿಕೊಂಡು ಹೋಗಮ್ಮ" ಅಂದರೆ ತೀರ್ಪು ಆದ ಹಾಗೆ. ಅವಳು ಉಣ್ಣುತ್ತಾಳೆ, ಮಲಗುತ್ತಾಳೆ. ಜಗಳ ಮಾತ್ರ ಮುಗಿದಿರುವುದಿಲ್ಲ.

ಈ ಚಿಕಿತ್ಸೆ ಬೇರೆ ಪ್ರಶ್ನೆ ಕೇಳುತ್ತದೆ. ಜಗಳ ಶುರುವಾದಾಗ ನಿನ್ನೊಳಗೆ ಯಾವ ಭಯ ಏಳುತ್ತದೆ? ಇದರ ಬೇರು ಮಕ್ಕಳಲ್ಲಿದೆ. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ, ತಾಯಿಯಿಂದ ಬೇರೆಯಾದ ಮಕ್ಕಳನ್ನು ನೋಡಿ ನೋಡಿ ಒಂದು ಮಾತು ಕಂಡುಕೊಂಡರು. ಹಸಿವಿನಷ್ಟೇ ಗಟ್ಟಿಯಾದ ಇನ್ನೊಂದು ಅಗತ್ಯ ಮನುಷ್ಯನಿಗಿದೆ, ಅದು ನನಗೆ ಒಬ್ಬರು ಇದ್ದಾರೆ ಅನ್ನುವ ಧೈರ್ಯ. ಅದು ತೊಟ್ಟಿಲಲ್ಲಿ ಮುಗಿಯುವುದಿಲ್ಲ, ಸಾಯುವ ತನಕ ಇರುತ್ತದೆ. ಅವರ ಜೊತೆ ದುಡಿದ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮಕ್ಕಳನ್ನು ಗಮನಿಸಿದರು. ಬಾಲ್ಟಿಮೋರ್‌ನ ಅವರ ಪ್ರಯೋಗದಲ್ಲಿ ವರ್ಷದ ಮಗುವನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಆಚೆ ಹೋಗಿ ಬರಬೇಕು. ಕೆಲವು ಮಕ್ಕಳು ಅಳುತ್ತವೆ, ಅಮ್ಮ ಬಂದ ಮೇಲೆ ಸಮಾಧಾನವಾಗಿ ಮತ್ತೆ ಆಟಕ್ಕಿಳಿಯುತ್ತವೆ. ಕೆಲವು ಅಮ್ಮನನ್ನು ಹಿಡಿದುಕೊಂಡೇ ಸಿಟ್ಟು ಮಾಡುತ್ತವೆ. ಇನ್ನು ಕೆಲವು ಏನೂ ಆಗದವರ ಹಾಗೆ ಮುಖ ತಿರುಗಿಸಿ ಕೂರುತ್ತವೆ. ಆಮೇಲೆ ಬೇರೆ ಸಂಶೋಧಕರು ಈ ಮೂರನೆಯ ಬಗೆಯ ಮಕ್ಕಳ ಎದೆಬಡಿತ ಅಳೆದರು. ಅದೂ ಏರಿತ್ತು. ಮುಖ ತಿರುಗಿಸಿದ ಮಗು ಒಳಗೆ ಅಷ್ಟೇ ಹೆದರಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಗಂಡಸರೇ ಕಣ್ಣಮುಂದೆ ಬಂದರು.

ಸಕಲೇಶಪುರದ ಹತ್ತಿರದ ಒಂದು ಕಾಫಿ ಬೆಳೆಗಾರ ದಂಪತಿ ನನಗೆ ಬೇಕಾದವರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕುಯ್ಲಿನ ಕಾಲ ಬಂತೆಂದರೆ ಆತ ರಾತ್ರಿವರೆಗೂ ಕಣದಲ್ಲೇ. ಹಣ್ಣು ಹರವಿದಾಗ ಮೋಡ ಕಟ್ಟಿದರೆ ಮಾತೇ ನಿಲ್ಲಿಸಿಬಿಡುತ್ತಿದ್ದರು. ಆಕೆ ಫೋನಿನ ಮೇಲೆ ಫೋನು. ಇವರು ಎತ್ತುತ್ತಿರಲಿಲ್ಲ. ಮನೆಗೆ ಬಂದರೆ ಆಕೆಯ ಬೈಗುಳ, ಇವರ ಮೌನ. ಆಕೆ ದನಿ ಏರಿಸಿದಷ್ಟೂ ಇವರು ತೋಟದ ಕಡೆ ನಡೆಯುವರು, ಇವರು ನಡೆದಷ್ಟೂ ಆಕೆಯ ದನಿ ಏರುವುದು. ಎರಡು ಸಲ ಪಂಚಾಯ್ತಿಯಾಯಿತು. ಒಂದರಲ್ಲಿ ಆಕೆ ಬಾಯಿಬಡುಕಿ ಅಂತಾಯಿತು, ಇನ್ನೊಂದರಲ್ಲಿ ಆತ ಕಲ್ಲು ಅಂತಾಯಿತು. ಕೊನೆಗೆ ಬೆಂಗಳೂರಿಗೆ ಹೋದರು. ಅಲ್ಲಿ ಸಮಾಲೋಚಕರು ಆತನನ್ನು ಕೇಳಿದರಂತೆ, ಫೋನು ಹೊಡೆದುಕೊಳ್ಳುವಾಗ ನಿಮಗೆ ಏನನಿಸುತ್ತೆ? ತುಂಬಾ ಹೊತ್ತು ಸುಮ್ಮನಿದ್ದು ಆತ ಹೇಳಿದ್ದು, "ಇವಳ ಕಣ್ಣಿಗೆ ನಾನು ಯಾವತ್ತೂ ಸಾಲದವನು ಅನಿಸುತ್ತೆ. ಎತ್ತೋಕೆ ಭಯ." ಆಕೆ ಆ ಮಾತು ಕೇಳಿದ್ದು ಅದೇ ಮೊದಲು. ಆಕೆ ಹೇಳಿದ್ದು, "ನಾನು ಇದ್ದರೂ ಇಲ್ಲದಿದ್ದರೂ ಇವರಿಗೆ ಒಂದೇ ಅಂತ ಭಯ. ಅದಕ್ಕೇ ಮತ್ತೆ ಮತ್ತೆ ಮಾಡ್ತೀನಿ." ಇಬ್ಬರಿಗೂ ಭಯವೇ ಮೇಷ್ಟ್ರೇ! ಎರಡು ಪಂಚಾಯ್ತಿಯಲ್ಲಿ ಯಾರಾದರೂ ಇದನ್ನು ಕೇಳಿದ್ದರೇ?

ಕೆನಡಾದಲ್ಲಿ ಮನಃಶಾಸ್ತ್ರಜ್ಞೆ ಸ್ಯೂ ಜಾನ್ಸನ್ ಅವರು ಲೆಸ್ಲಿ ಗ್ರೀನ್‌ಬರ್ಗ್ ಜೊತೆ 1980ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯ ಕ್ರಮ ಇದೇ. ಮೊದಲು ಒಬ್ಬರು ಬೆನ್ನಟ್ಟುವ, ಇನ್ನೊಬ್ಬರು ಓಡುವ ಸುತ್ತನ್ನು ಇಬ್ಬರಿಗೂ ತೋರಿಸುತ್ತಾರೆ. ಶತ್ರು ಆ ಸುತ್ತು, ಎದುರಿಗೆ ಕೂತವರಲ್ಲ ಅಂತ ಗೊತ್ತಾದರೆ ಜಗಳದ ಕಾವು ಇಳಿಯುತ್ತದೆ. ಆಮೇಲೆ ಸಿಟ್ಟಿನ ಕೆಳಗಿರುವ ಭಯವನ್ನು, ಬೇಕೆನ್ನುವುದನ್ನು ಸಂಗಾತಿಗೇ ಮುಖ ನೋಡಿ ಹೇಳಿಸುತ್ತಾರೆ. ಕಷ್ಟದ ಕೆಲಸ ಇದೇ. ಕೊನೆಗೆ ಹಳೆಯ ತಕರಾರುಗಳನ್ನು ಈ ಹೊಸ ಧೈರ್ಯದಲ್ಲಿ ಮತ್ತೆ ಮಾತಾಡುತ್ತಾರೆ. ಸಾಮಾನ್ಯವಾಗಿ 8ರಿಂದ 20 ಭೇಟಿ. 1999ರಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಹತ್ತರಲ್ಲಿ ಸುಮಾರು ಏಳು ಜೋಡಿ ಸಂಕಟದಿಂದ ಹೊರಬಂದಿದ್ದವು.

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. 2006ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಕೋನ್ ಮತ್ತು ಜೊತೆಗಾರರು 16 ವಿವಾಹಿತ ಮಹಿಳೆಯರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಕಾಲಿಗೆ ಸಣ್ಣ ಶಾಕ್ ಬರಬಹುದು ಅಂತ ಹೆದರಿಸಿದರು. ಗಂಡನ ಕೈ ಹಿಡಿದಾಗ ಮಿದುಳಿನ ಗಾಬರಿ ಇಳಿಯಿತು. ಅಪರಿಚಿತರ ಕೈ ಹಿಡಿದಾಗ ಅಷ್ಟು ಇಳಿಯಲಿಲ್ಲ. ದಾಂಪತ್ಯ ಚೆನ್ನಾಗಿದ್ದವರಲ್ಲಿ ಇನ್ನೂ ಜಾಸ್ತಿ ಇಳಿಯಿತು. ಗಂಡ ಹೆಂಡತಿ ಒಬ್ಬರಿಗೊಬ್ಬರು ಆಸರೆಯಾಗುವುದು ಮೈಗೇ ತಟ್ಟುವ ಸಂಗತಿ. ಅದನ್ನು ನಾವು ಹುಡುಗರಿಗೆ ಕಲಿಸುತ್ತೇವೆಯೇ? "ಗಂಡಸಾಗಿ ಅಳ್ತೀಯಲ್ಲೋ" ಅಂತ ಐದನೇ ವಯಸ್ಸಿಗೇ ಬಾಯಿ ಮುಚ್ಚಿಸುತ್ತೇವೆ. ಮೂವತ್ತಕ್ಕೆ ಹೆಂಡತಿ ಬಂದು "ಮನಸ್ಸಲ್ಲಿರೋದು ಹೇಳಿ" ಅಂದರೆ ಅವನು ಎಲ್ಲಿಂದ ತಂದು ಹೇಳಬೇಕು?

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಹೊಡೆತ ಬಡಿತ ಇರುವ ಮನೆಗೆ ಇದು ಮದ್ದಲ್ಲ. ಭಯಪಡಿಸುವವನ ಎದುರು ಮನಸ್ಸು ಬಿಚ್ಚು ಅನ್ನುವುದು ಅಪಾಯ. ಅಲ್ಲಿ ಮೊದಲು ಆಕೆಯ ರಕ್ಷಣೆ ಆಗಬೇಕು, ಮಹಿಳಾ ಸಹಾಯವಾಣಿ 181ಕ್ಕೆ ಫೋನು ಹೋಗಬೇಕು.

ನನ್ನ ಸಿಟ್ಟು ಇನ್ನೊಂದಿದೆ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಮದುವೆ ಛತ್ರಗಳಿಗೆ ಬರವಿಲ್ಲ. ಒಂದು ಮದುವೆಗೆ ತೋಟ ಅಡವಿಡುವವರಿದ್ದಾರೆ. ಅದೇ ಮದುವೆ ಬಿರುಕು ಬಿಟ್ಟರೆ, ಜೋಡಿಯನ್ನು ಕೂರಿಸಿಕೊಂಡು ಕನ್ನಡದಲ್ಲಿ ವಾರ ವಾರ ಮಾತಾಡಿಸುವ ಒಬ್ಬರನ್ನು ಮೂಡಿಗೆರೆಯಲ್ಲೋ ಅರಸೀಕೆರೆಯಲ್ಲೋ ಹುಡುಕಿ ನೋಡಿ. ಕೌಟುಂಬಿಕ ನ್ಯಾಯಾಲಯಗಳ 1984ರ ಕಾಯ್ದೆಯಲ್ಲಿ ರಾಜಿಗೆ ಪ್ರಯತ್ನಿಸಬೇಕು ಅಂತಿದೆ, ಸಮಾಲೋಚಕರಿಗೂ ಜಾಗವಿದೆ. ಆದರೆ ಆ ಬಾಗಿಲಿಗೆ ಬರುವಷ್ಟರಲ್ಲಿ ಇಬ್ಬರೂ ಬೇರೆ ಬೇರೆ ವಕೀಲರನ್ನು ಹಿಡಿದಿರುತ್ತಾರೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಸಿಗುತ್ತದೆ. ಮನಸ್ಸು ಕುಸಿದವರಿಗೆ ಅದು ಆಸರೆ. ಆದರೆ ಜೋಡಿ ಕೂತು ಮಾತಾಡಲು ತಾಲ್ಲೂಕಿಗೊಂದು ಕೋಣೆ, ತರಬೇತಿ ಇರುವ ಒಬ್ಬರು ಬೇಕು. ಇದನ್ನು ಯಾವ ಜನಪ್ರತಿನಿಧಿಯ ಹತ್ತಿರವೂ ಯಾರೂ ಕೇಳಿದ್ದು ನಾನು ಕಂಡಿಲ್ಲ.

ನಿಮ್ಮ ಮಗಳು ಮತ್ತು ಅಳಿಯ ಯಾರನ್ನೂ ಕೇಳದೇ ತಾವೇ ದಾರಿ ಹುಡುಕಿಕೊಂಡಿದ್ದಾರೆ. ಇಬ್ಬರೂ ಸೇರಿ ಹೋಗುತ್ತಿದ್ದಾರೆ, ಅದೇ ದೊಡ್ಡದು. ದಯವಿಟ್ಟು ಅವರನ್ನು ಊರಿಗೆ ಕರೆಸಿ ಪಂಚಾಯ್ತಿ ಕೂರಿಸಬೇಡಿ. ಅಲ್ಲಿ ಏನು ಮಾತಾಡಿದಿರಿ ಅಂತಲೂ ಕೇಳಬೇಡಿ. ಮತ್ತೆ ಇನ್ನೊಂದು ವಿಷಯ. ನಾಲ್ಕು ಪುಟದಲ್ಲಿ ನಿಮ್ಮ ಮನೆಯವರ ಅಭಿಪ್ರಾಯ ಏನು ಅಂತ ಒಂದು ಸಾಲೂ ಇಲ್ಲ. ಅವರೂ ನಮಗೆ ಬರೆಯಲಿ. ಹೆಸರು ಹಾಕುವುದಿಲ್ಲ.

— ಸಂಪಾದಕ